ಹನ್ನೆರಡು ವರ್ಷ ಅಂಗಡಿಯ ಹೊರಗೇ ಉಳಿದ ಗಿರಾಕಿ

ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ನೋಟ್‌ಬುಕ್ ಮತ್ತು ಸ್ಟೇಶನರಿ ಅಂಗಡಿಗೆ ಹನ್ನೆರಡು ವರ್ಷಗಳಿಂದ ಒಬ್ಬ ಮಾಸ್ತರರು ಬರುತ್ತಾರೆ. ಚಿಕ್ಕಂದಿನಲ್ಲಿ ಪೋಲಿಯೊ ತಗುಲಿ ಅವರ ಎರಡೂ ಕಾಲುಗಳ ಬಲ ಹೋಗಿದೆ. ಹಿಂದಿನ ಗಾಲಿಯ ಎರಡೂ ಬದಿಗೆ ಒಂದೊಂದು ಗಾಲಿ ಜೋಡಿಸಿದ ಸ್ಕೂಟರಿನಲ್ಲಿ ಓಡಾಡುತ್ತಾರೆ; ಊರುಗೋಲುಗಳನ್ನು ಸೀಟಿನ ಪಕ್ಕಕ್ಕೆ ಬೆಸುಗೆ ಹಾಕಿಸಿಕೊಂಡ ಕೊಳವೆಯಲ್ಲಿ ಸಿಕ್ಕಿಸಿರುತ್ತಾರೆ. ಅವರು ಗೇಟಿನ ಬಳಿ ನಿಂತು ಎರಡು ಸಲ ಹಾರ್ನ್ ಬಾರಿಸಿದರೆ ನಮ್ಮ ಹುಡುಗ ಓಡಿಹೋಗಿ ಚೀಟಿ ತಂದು, ಸಾಮಾನು ಕಟ್ಟಿ, ಚಿಲ್ಲರೆ ಸಮೇತ ಕೊಟ್ಟು ಬರುತ್ತಿದ್ದ. ಇದನ್ನು ನಾನು ನಮ್ಮ ಅಂಗಡಿಯ ಸೌಜನ್ಯವೆಂದೇ ತಿಳಿದಿದ್ದೆ, ನಾಲ್ಕು ಜನರ ಮುಂದೆ ಹೇಳಿಕೊಂಡದ್ದೂ ಉಂಟು. ಕಳೆದ ಮಳೆಗಾಲದಲ್ಲಿ ಒಂದು ದಿನ ಹುಡುಗ ರಜೆಯಲ್ಲಿದ್ದುದರಿಂದ ನಾನೇ ಕೊಡೆ ಹಿಡಿದು ಹೋದೆ. ಚೀಟಿ ಕೊಡುತ್ತ ಅವರು ನಗುನಗುತ್ತಲೇ ಹೇಳಿದರು: "ಸಾವ್ಕಾರ್ರ, ನಿಮ್ಮಲ್ಲಿ ಖರೀದಿ ಮಾಡಾಕತ್ತು ಹನ್ನೆರಡು ವರ್ಷ ಆತ್ರಿ. ಅಂಗಡಿ ಒಳಗ ಹೆಂಗೈತಿ ಅಂತ ಇನ್ನೂ ನೋಡಿಲ್ಲ ನೋಡ್ರಿ."

ಅವರ ಮಾತಿನಲ್ಲಿ ದೂರು ಇರಲಿಲ್ಲ. ಆದರೂ ಆ ಸಂಜೆ ಅಂಗಡಿಯ ಬಾಗಿಲು ಹಾಕಿದ ಮೇಲೆ ನಾನು ಟೇಪು ಹಿಡಿದುಕೊಂಡು ಅಂಗಳಕ್ಕೆ ಇಳಿದೆ. ನಮ್ಮದು ಎಂಟು ಅಂಗಡಿಗಳ ಕಟ್ಟಡ. ಮುಂದೆ ಅರವತ್ತು ಅಡಿ ಅಗಲ, ಮೂವತ್ತು ಅಡಿ ಆಳದ ಪಾರ್ಕಿಂಗ್ ಜಾಗವಿದೆ. ಸಹ್ಯಾದ್ರಿಯ ಸೆರಗಿನಲ್ಲಿರುವ ಈ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆಯ ಭಯ ಇದ್ದೇ ಇರುವುದರಿಂದ, ನೀರು ಒಳಗೆ ನುಗ್ಗದಿರಲೆಂದು ಅಂಗಡಿಗಳ ಮುಂದಿನ ಕಟ್ಟೆಯನ್ನು ನೆಲದಿಂದ ಎರಡು ಅಡಿ ಎತ್ತರಿಸಿ ಕಟ್ಟಿದ್ದೇವೆ. ಆ ಕಟ್ಟೆಗೆ ನಾಲ್ಕು ಪಾವಟಿಗೆಗಳು, ಪಕ್ಕದಲ್ಲಿ ಒಂದು ರ‍್ಯಾಂಪು. ರ‍್ಯಾಂಪು ಇದೆಯಲ್ಲ ಎಂಬ ಸಮಾಧಾನ ನಮಗೆಲ್ಲ ಇತ್ತು. ಅಳೆದು ನೋಡಿದರೆ ಅದರ ಉದ್ದ ಎಂಟೇ ಅಡಿ. ಅಂದರೆ ನಾಲ್ಕು ಅಡಿ ಸಾಗುವಷ್ಟರಲ್ಲಿ ಒಂದು ಅಡಿ ಏರಬೇಕು. ಗಾಲಿ ಕುರ್ಚಿಗೆ ಒಪ್ಪುವ ಇಳಿಜಾರು ಒಂದಕ್ಕೆ ಹನ್ನೆರಡು, ಎಂದರೆ ಎರಡು ಅಡಿ ಎತ್ತರಕ್ಕೆ ಇಪ್ಪತ್ನಾಲ್ಕು ಅಡಿ ಉದ್ದ ಬೇಕು. ನಮ್ಮ ರ‍್ಯಾಂಪು ನಿಜಕ್ಕೂ ಕಟ್ಟಿದ್ದು ಮೋಟಾರ್ ಸೈಕಲ್ಲನ್ನು ರಾತ್ರಿ ಕಟ್ಟೆಯ ಮೇಲೆ ಹತ್ತಿಸಿಡುವುದಕ್ಕೆ. ಮನುಷ್ಯರ ಹೆಸರನ್ನು ಅದಕ್ಕೆ ನಾವು ಆಮೇಲೆ ಹಚ್ಚಿಕೊಂಡೆವು.

ಸಾಲದ್ದಕ್ಕೆ ಅದರ ಮೇಲೆ ಇಳಕಲ್ಲಿನ ಕೆಂಪು ಗ್ರಾನೈಟು, ಮುಖ ಕಾಣುವ ಹಾಗೆ ಪಾಲಿಶ್ ಮಾಡಿದ್ದು. ಕಟ್ಟಡ ನವೀಕರಿಸುವಾಗ ಅದನ್ನು ಹಠ ಹಿಡಿದು ಹಾಕಿಸಿದವನು ನಾನೇ. ಆಗ ನಮ್ಮ ಗೌಂಡಿ, "ಪಾಲಿಶ್ ಕಲ್ಲಿನ ಮ್ಯಾಗ ಮಳಿ ಬಿದ್ರ ಜಾರಬಂಡಿನ ಆಗತೈತ್ರಿ," ಎಂದು ಎಚ್ಚರಿಸಿದ್ದ. ಅವನು ಕೆಲಸ ಕಡಿಮೆ ಮಾಡಿಕೊಳ್ಳಲು ಹಾಗೆ ಹೇಳುತ್ತಿದ್ದಾನೆ ಎಂದುಕೊಂಡೆ. ಊರುಗೋಲಿನ ತುದಿಯಲ್ಲಿರುವ ರಬ್ಬರಿನ ಬಿಲ್ಲೆ ಎರಡು ರೂಪಾಯಿಯ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೆ. ಮೈಭಾರವೆಲ್ಲ ಆ ಬಿಲ್ಲೆಯ ಮೇಲೆ ಬೀಳುವಾಗ, ಕೆಳಗೆ ಒದ್ದೆಯಾದ ನುಣುಪು ಕಲ್ಲು ಇದ್ದರೆ ಏನಾಗುತ್ತದೆಂದು ತಿಳಿಯಲು ಎಂಜಿನಿಯರಿಂಗ್ ಓದಿರಬೇಕಾಗಿಲ್ಲ.

ಇನ್ನು ವಾಹನ ನಿಲ್ಲಿಸುವ ಜಾಗದ ಮಾತು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ಅಂಗವಿಕಲರಿಗಾಗಿ ಪ್ರವೇಶದ್ವಾರದಿಂದ 30 ಮೀಟರಿನೊಳಗೆ ಎರಡು ಕಾರುಗಳ ಜಾಗ ಇರಬೇಕು, ಒಂದೊಂದೂ ಕನಿಷ್ಠ 3.6 ಮೀಟರ್ ಅಗಲವಿರಬೇಕು ಎನ್ನುತ್ತದೆ. ಸಾಮಾನ್ಯ ಕಾರಿಗೆ ಎರಡೂವರೆ ಮೀಟರ್ ಸಾಕಾಗುವಾಗ ಇಲ್ಲಿ ಒಂದು ಮೀಟರಿಗೂ ಹೆಚ್ಚು ಜಾಗವನ್ನು ಕೂಡಿಸಿರುವುದು, ಕಾರಿನ ಬಾಗಿಲನ್ನು ಪೂರ್ತಿ ತೆರೆದು ಅದರ ಪಕ್ಕಕ್ಕೆ ಗಾಲಿ ಕುರ್ಚಿಯನ್ನು ತಂದು ನಿಲ್ಲಿಸಿ, ಒಂದರಿಂದ ಇನ್ನೊಂದಕ್ಕೆ ಮೈ ಸರಿಸಿಕೊಳ್ಳಲು ಎಡೆ ಬೇಕೆಂಬ ಕಾರಣಕ್ಕೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ಲೆಕ್ಕ ಹಾಕಿದವರ ಕಣ್ಣ ಮುಂದೆ ಇದ್ದದ್ದು ಕಾರು. ನಮ್ಮ ಬೆಳಗಾವಿ, ಬೈಲಹೊಂಗಲ, ಗೋಕಾಕಗಳಲ್ಲಿ ಅಂಗವಿಕಲ ಗಿರಾಕಿ ಹೆಚ್ಚಾಗಿ ಕಾರಿನಲ್ಲಿ ಬರುವುದಿಲ್ಲ. ಗಾಲಿ ಜೋಡಿಸಿದ ಸ್ಕೂಟರಿನಲ್ಲಿ ಬರುತ್ತಾನೆ. ರಾಜ್ಯ ಸರ್ಕಾರವೇ ಯೋಜನೆಯೊಂದರ ಮೂಲಕ ಅಂತಹ ಯಂತ್ರಚಾಲಿತ ವಾಹನಗಳನ್ನು ಕೊಡುತ್ತ ಬಂದಿದೆ. ಈ ಗಾಡಿಯನ್ನು ಬೈಕುಗಳ ಸಾಲಿನಲ್ಲಿ ನಿಲ್ಲಿಸಲಾಗುವುದಿಲ್ಲ, ಏಕೆಂದರೆ ಅಗಲ ಹೆಚ್ಚು. ಮಾಸ್ತರರ ಗಾಡಿಯನ್ನು ನಾನು ಅಳೆದಾಗ ಮೂರೂವರೆ ಅಡಿ ಬಂತು. ಕಾರುಗಳ ಜಾಗದಲ್ಲಿ ನಿಲ್ಲಿಸಿದರೆ, "ಇಷ್ಟು ಸಣ್ಣ ಗಾಡಿಗೆ ಇಷ್ಟು ಜಾಗವೇ" ಎಂದು ವಾಚ್‌ಮನ್ ಎಬ್ಬಿಸುತ್ತಾನೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಮಾಸ್ತರರು ಹೇಳುವವರೆಗೆ ನನಗೆ ಹೊಳೆದಿರಲಿಲ್ಲ. ಇಂತಹ ಬಹಳಷ್ಟು ಗಾಡಿಗಳಲ್ಲಿ ರಿವರ್ಸ್ ಗೇರ್ ಇರುವುದಿಲ್ಲ. ನಾವು ನೀವು ಸ್ಕೂಟರನ್ನು ಹಿಂದಕ್ಕೆ ತರಬೇಕಾದರೆ ಎರಡೂ ಕಾಲನ್ನು ನೆಲಕ್ಕೆ ಊರಿ ತಳ್ಳುತ್ತೇವೆ. ಅವರು ಯಾವ ಕಾಲಿನಿಂದ ತಳ್ಳಬೇಕು? ಗೋಡೆಗೆ ಮುಖ ಮಾಡಿ ಒಮ್ಮೆ ನಿಲ್ಲಿಸಿದರೆ ಹೊರಡುವಾಗ ಯಾರಾದರೂ ಬಂದು ಹಿಂದಕ್ಕೆ ಎಳೆಯುವವರೆಗೆ ಕಾಯಬೇಕು. ಹನ್ನೆರಡು ವರ್ಷ ಅವರು ಗೇಟಿನಾಚೆಯೇ ನಿಂತು ಹಾರ್ನ್ ಬಾರಿಸಿದ್ದಕ್ಕೆ ಪಾವಟಿಗೆಗಳಿಗಿಂತ ದೊಡ್ಡ ಕಾರಣ ಇದೇ ಆಗಿತ್ತು. ಆದ್ದರಿಂದ ಇಂತಹ ಗಾಡಿಗೆ ಬೇಕಾದದ್ದು ಒಂದು ಕಡೆಯಿಂದ ಬಂದು, ನಿಂತು, ಮುಂದಿನಿಂದಲೇ ಹೊರಟುಹೋಗಬಹುದಾದ ಜಾಗ.

ನಮ್ಮ ಅಂಗಳಕ್ಕೆ ಮೊದಲಿನಿಂದಲೂ ಎರಡು ಗೇಟುಗಳಿದ್ದವು ಎಂಬುದನ್ನು ಇಲ್ಲಿ ನಾಚಿಕೆಯಿಂದಲೇ ಹೇಳಬೇಕು. ಎರಡನೆಯದಕ್ಕೆ ಬೀಗ ಬಿದ್ದು ವರ್ಷಗಳಾಗಿದ್ದವು, ಅದರ ಮೇಲೆ "ಶಾಲಾ ಸಾಮಗ್ರಿಗಳ ಭಾರೀ ರಿಯಾಯಿತಿ" ಎಂಬ ನನ್ನದೇ ಫ್ಲೆಕ್ಸು ಹಬ್ಬಿತ್ತು. ಒಂದೇ ಗೇಟಿನಿಂದ ಬಂದು ಅದರಿಂದಲೇ ಹೊರಹೋಗಬೇಕಾದ್ದರಿಂದ ಒಳಗೆ ಬಂದ ಪ್ರತಿ ಕಾರೂ ಖಾನಾಪುರ ರಸ್ತೆಯ ಕಡೆಗೆ ಹಿಂದೆ ಹಿಂದೆ ಸರಿಯುತ್ತ ಹೊರಬೀಳುತ್ತಿತ್ತು. ಎರಡು ವರ್ಷಗಳ ಹಿಂದೆ ಜೂನ್ ತಿಂಗಳಲ್ಲಿ, ಶಾಲೆ ಶುರುವಾಗುವ ಗದ್ದಲದ ನಡುವೆ, ನಮ್ಮ ಸಾಮಾನು ಸಾಗಿಸುವ ಟೆಂಪೋ ಹೀಗೆ ಹಿಂದಕ್ಕೆ ಬರುತ್ತಿದ್ದಾಗ, ಕಳಚಿದ ಚಪ್ಪಲಿ ಹಾಕಿಕೊಳ್ಳಲೆಂದು ಬಗ್ಗಿದ್ದ ಏಳೆಂಟು ವರ್ಷದ ಹುಡುಗಿಯೊಬ್ಬಳು ಚಾಲಕನಿಗೆ ಕಾಣಲೇ ಇಲ್ಲ. ಅವಳ ತಾಯಿ ಜಡೆ ಹಿಡಿದು ಎಳೆದುಕೊಂಡರು. ಚೀಲ ಗಾಲಿಗೆ ಸಿಕ್ಕಿ ಟಿಫಿನ್ ಡಬ್ಬಿ ಚಪ್ಪಟೆಯಾಯಿತು, ಮಗುವಿಗೆ ಏನೂ ಆಗಲಿಲ್ಲ. ಆ ದಿನ ನಾವೆಲ್ಲ ಚಾಲಕನನ್ನು ಬೈದೆವು. ಬಗ್ಗಿದ ಮಗು ಯಾವ ಚಾಲಕನ ಕನ್ನಡಿಯಲ್ಲೂ ಕಾಣುವುದಿಲ್ಲ, ಗೇಟಿನ ಪಕ್ಕದಲ್ಲಿ ನಾನೇ ಪೇರಿಸಿದ್ದ ರಟ್ಟಿನ ಪೆಟ್ಟಿಗೆಗಳು ಉಳಿದ ನೋಟವನ್ನೂ ಮುಚ್ಚಿದ್ದವು ಎಂಬುದನ್ನು ಒಪ್ಪಿಕೊಳ್ಳಲು ನನಗೆ ಇಷ್ಟು ದಿನ ಬೇಕಾದವು.

ಎರಡನೆಯ ಗೇಟನ್ನು ತೆರೆದದ್ದರಿಂದ ಎರಡೂ ತೊಡಕುಗಳು ಒಟ್ಟಿಗೆ ಬಿಡಿಸಿಕೊಂಡವು. ಈಗ ವಾಹನಗಳು ಪೂರ್ವದ ಗೇಟಿನಿಂದ ಒಳಬಂದು ಪಶ್ಚಿಮದ ಗೇಟಿನಿಂದ ಹೊರಹೋಗುತ್ತವೆ. ನಡುವಿನ ದಾರಿಯಲ್ಲಿ ಯಾರೂ ಎದುರುಬದುರಾಗುವುದಿಲ್ಲ. ಕಾರುಗಳಿಗೆ ಓರೆಯಾಗಿ ಗೆರೆ ಎಳೆದಿದ್ದೇವೆ, ಹಿಂದಕ್ಕೆ ಸರಿದು ಜಾಗದೊಳಗೆ ನಿಲ್ಲಿಸಬೇಕು, ಹೊರಡುವಾಗ ಮುಖ ಮುಂದಾಗಿ ಹೊರಡಬೇಕು ಎಂಬ ನಿಯಮ. ನಿಲ್ಲಿಸುವಾಗ ಜಾಗ ಖಾಲಿ ಇರುವುದು ಚಾಲಕನ ಕಣ್ಣಿಗೇ ಬಿದ್ದಿರುತ್ತದೆ, ಹೊರಡುವ ಹೊತ್ತಿಗೆ ಹಿಂದೆ ಯಾರು ಬಂದು ನಿಂತಿದ್ದಾರೆಂದು ಗೊತ್ತಿರುವುದಿಲ್ಲ. ಹೊರಗೇಟಿನ ಕಂಬಕ್ಕೆ ಉಬ್ಬುಗನ್ನಡಿ ಹಾಕಿಸಿದೆವು. ದಾರಿಯ ಪಕ್ಕಕ್ಕೆ, ರ‍್ಯಾಂಪಿನ ಬುಡದಲ್ಲಿ, ಗಾಲಿ ಜೋಡಿಸಿದ ಎರಡು ಸ್ಕೂಟರುಗಳು ಒಂದರ ಹಿಂದೊಂದು ನಿಲ್ಲುವಷ್ಟು ಜಾಗವನ್ನು ಉದ್ದಕ್ಕೆ ಬಿಟ್ಟಿದ್ದೇವೆ. ಎದುರಿಗೆ ಗೋಡೆಯಿಲ್ಲ, ಹಿಂದಕ್ಕೆ ಸರಿಯುವ ಪ್ರಮೇಯವೇ ಇಲ್ಲ. ಅದರ ಪಕ್ಕದಲ್ಲಿ 3.6 ಮೀಟರ್ ಅಗಲದ ಕಾರಿನ ಜಾಗ ಒಂದು. ಸಂಹಿತೆ ಹೇಳುವುದು ಎರಡು. ನಮ್ಮಲ್ಲಿ ಸದ್ಯಕ್ಕೆ ಒಂದೇ ಆಗಿದೆ.

ಹೊಸ ರ‍್ಯಾಂಪು ಪೂರ್ವದ ಕಾಂಪೌಂಡ್ ಗೋಡೆಗುಂಟ ಇಪ್ಪತ್ನಾಲ್ಕು ಅಡಿ ಸಾಗಿ ಕಟ್ಟೆಗೆ ಸೇರುತ್ತದೆ. ನಾಲ್ಕು ಅಡಿ ಅಗಲ, ಎರಡೂ ಕಡೆ ಹಿಡಿದುಕೊಂಡು ಸಾಗಲು ಕೈಪಿಡಿ, ಕೈಪಿಡಿಯಲ್ಲಿಯೂ ಎರಡು ಎತ್ತರ: ಮೇಲಿನದು ನಿಂತವರಿಗೆ, ಕೆಳಗಿನದು ಕುಳಿತವರಿಗೆ ಮತ್ತು ಮಕ್ಕಳಿಗೆ. ಈ ಬಾರಿ ಗೌಂಡಿಯ ಮಾತು ಕೇಳಿದೆ. ಕಾಂಕ್ರೀಟು ಹಸಿಯಿರುವಾಗಲೇ ಅವನು ಕಸಬರಿಗೆಯನ್ನು ಅಡ್ಡಡ್ಡ ಎಳೆದು ಗೆರೆ ಮೂಡಿಸಿದ. ನೋಡಲು ಅಂದವಿಲ್ಲ, ಕಾಲು ಮಾತ್ರ ಜಾರುವುದಿಲ್ಲ. ಆದರೂ ಆಷಾಢ ಕಳೆಯುವಷ್ಟರಲ್ಲಿ ಅದರ ಮೇಲೂ ಪಾಚಿ ಕಟ್ಟುತ್ತದೆ. ವಾರಕ್ಕೊಮ್ಮೆ ಗಟ್ಟಿ ಬ್ರಷ್ಷಿನಿಂದ ತಿಕ್ಕಿಸದೆ ಬೇರೆ ದಾರಿಯಿಲ್ಲ.

ಗಟಾರದ ಮೇಲಿನ ಕಬ್ಬಿಣದ ಜಾಳಿಗೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಯಾಕೆಂದರೆ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಮ್ಮದರಲ್ಲಿ ಸರಳುಗಳು ವಾಹನ ಸಾಗುವ ದಿಕ್ಕಿಗೇ ಉದ್ದವಾಗಿದ್ದು, ನಡುವೆ ಒಂದೂವರೆ ಇಂಚು ಸಂದು ಇತ್ತು. ಸೈಕಲ್ಲಿನ ಗಾಲಿ, ಗಾಲಿ ಕುರ್ಚಿಯ ಮುಂದಿನ ಚಿಕ್ಕ ಗಾಲಿ, ಊರುಗೋಲಿನ ತುದಿ, ಹೆಣ್ಣುಮಕ್ಕಳ ಎತ್ತರದ ಹಿಮ್ಮಡಿ, ಎಲ್ಲವೂ ಅದರಲ್ಲಿ ಸಿಗಬೀಳಬಲ್ಲವು. ಸರಳುಗಳು ಸಾಗುವ ದಿಕ್ಕಿಗೆ ಅಡ್ಡವಾಗಿರಬೇಕು, ಸಂದು ಅರ್ಧ ಇಂಚಿಗಿಂತ ಹೆಚ್ಚಿರಬಾರದು. ಉದ್ಯಮಬಾಗದ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಅರ್ಧ ದಿನದಲ್ಲಿ ಮಾಡಿಕೊಟ್ಟರು.

ದೀಪದ ಕೆಲಸ ಸುಲಭವಾಗಿ ಮುಗಿಯಿತು. ಗೇಟಿಗೆ ಮುಖ ಮಾಡಿದ್ದ ಒಂದೇ ಫ್ಲಡ್‌ಲೈಟು ಒಳಬರುವವರ ಕಣ್ಣು ಕುಕ್ಕುತ್ತಿತ್ತು. ಅದನ್ನು ಕಿತ್ತು, ಕೆಳಮುಖವಾದ ನಾಲ್ಕು ಎಲ್‌ಇಡಿ ದೀಪಗಳನ್ನು ಹಾಕಿ ಎರಡನ್ನು ಇನ್ವರ್ಟರಿಗೆ ಜೋಡಿಸಿದೆವು. ನಕ್ಷೆಯಲ್ಲಿ ಪಾರ್ಕಿಂಗ್ ಎಂದು ತೋರಿಸಿದ್ದ ತಳಮಹಡಿಯಲ್ಲಿ ಕಾಗದದ ರೀಮುಗಳನ್ನು ತುಂಬಿದವರು ಯಾರು ಎಂದು ಕೇಳಿದರೆ, ಅದಕ್ಕೂ ಉತ್ತರ ನಾನೇ. ಅರ್ಧ ಖಾಲಿ ಮಾಡಿದ್ದೇನೆ, ಇನ್ನರ್ಧ ಈ ದೀಪಾವಳಿಯೊಳಗೆ.

ಕಟ್ಟಡದ ಉಳಿದ ಅಂಗಡಿಕಾರರನ್ನು ಒಪ್ಪಿಸುವುದು ಕಾಂಕ್ರೀಟಿಗಿಂತ ಗಟ್ಟಿಯಾದ ಕೆಲಸವಾಗಿತ್ತು. ಬೈಕುಗಳ ಸಾಲಿನಲ್ಲಿ ಆರು ಗಾಡಿಗಳ ಜಾಗ ಹೋಗುತ್ತದೆ, ಶನಿವಾರ ಭಾನುವಾರ ಗೋವಾ ಮತ್ತು ಚಂದಗಡದ ಕಡೆಯ ಗಿರಾಕಿಗಳು ಬಂದಾಗ ಎಲ್ಲಿ ನಿಲ್ಲಿಸಬೇಕು ಎಂಬುದು ಅವರ ವಾದ. ಇದೆಲ್ಲ ಸರ್ಕಾರಿ ಕಚೇರಿಗಳಿಗೆ ಅನ್ವಯಿಸುವ ಕಾನೂನು ಎಂದವರೂ ಇದ್ದರು. ಹಾಗಿಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡವೂ ಸಾರ್ವಜನಿಕ ಕಟ್ಟಡವೇ. ಕಾಯ್ದೆಯನ್ನು ಮೊದಲ ಸಲ ಉಲ್ಲಂಘಿಸಿದರೆ 10,000 ರೂಪಾಯಿಯವರೆಗೆ, ಮತ್ತೆ ಉಲ್ಲಂಘಿಸಿದರೆ 50,000ದಿಂದ 5 ಲಕ್ಷ ರೂಪಾಯಿಯವರೆಗೆ ದಂಡವಿದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು, ಈ ವಿಷಯದ ಮಾನದಂಡಗಳು ಬರಿಯ ಸಲಹೆಗಳಾಗಿ ಉಳಿಯುವಂತಿಲ್ಲ, ಕಡ್ಡಾಯ ನಿಯಮಗಳನ್ನು ರೂಪಿಸಬೇಕು ಎಂದು ಕೇಂದ್ರಕ್ಕೆ ಆದೇಶಿಸಿದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ 13 ಲಕ್ಷಕ್ಕೂ ಮೇಲೆ. ಇದನ್ನೆಲ್ಲ ಹೇಳಿದೆನಾದರೂ ಸಭೆಯನ್ನು ತಿರುಗಿಸಿದ್ದು ಕಾನೂನಲ್ಲ. ಮೂಲೆಯ ಬಟ್ಟೆ ಅಂಗಡಿಯ ಕಾಕಾ ಅವರಿಗೆ ಮೊಣಕಾಲು ನೋವು. ಅವರು ತಮ್ಮ ಅಂಗಡಿಗೆ ಹತ್ತುವುದೇ ಗೋಡೆ ಹಿಡಿದುಕೊಂಡು. "ಕೈಪಿಡಿ ಎರಡೂ ಕಡೆ ಇರತೈತೇನು?" ಎಂದು ಕೇಳಿದರು. ಇರುತ್ತದೆ ಎಂದೆ. ತಮ್ಮ ಪಾಲಿನ ಹಣವನ್ನು ಅಲ್ಲೇ ಎಣಿಸಿ ಕೊಟ್ಟರು.

ನೆಲದ ಮೇಲೆ ಗಾಲಿ ಕುರ್ಚಿಯ ನೀಲಿ ಬಿಳಿ ಚಿಹ್ನೆ ಬರೆಸಿದ್ದೇವೆ. 1968ರಲ್ಲಿ ಸುಸಾನ್ ಕೋಫೋಡ್ ಎಂಬ ಡ್ಯಾನಿಶ್ ವಿದ್ಯಾರ್ಥಿನಿ ರಚಿಸಿದ ಈ ಚಿಹ್ನೆ, ಕನ್ನಡ, ಮರಾಠಿ, ಉರ್ದು, ಕೊಂಕಣಿ ಎಲ್ಲವೂ ಕಿವಿಗೆ ಬೀಳುವ ನಮ್ಮಂತಹ ಊರಿಗೆ ಯಾವ ಬೋರ್ಡಿಗಿಂತಲೂ ಹೆಚ್ಚು ಒಪ್ಪುತ್ತದೆ. ಅದರ ಮೇಲೆಯೇ ಗಾಡಿ ನಿಲ್ಲಿಸಿ, "ಐದು ಮಿನಿಟು, ಬಂದೆ," ಎನ್ನುವವರು ಮಾತ್ರ ದಿನಕ್ಕೊಬ್ಬರಾದರೂ ಇದ್ದಾರೆ. ಸರಪಳಿ ಕಟ್ಟಿ ನೋಡಿದೆವು. ಅದನ್ನು ತೆಗೆಯಲು ಮಾಸ್ತರರೇ ಗಾಡಿಯಿಂದ ಇಳಿಯಬೇಕಾಗುತ್ತದೆಂದು ಗೊತ್ತಾದ ಮೇಲೆ ಬಿಚ್ಚಿಹಾಕಿ, ವಾಚ್‌ಮನ್‌ನ ಕುರ್ಚಿಯನ್ನು ಆ ಜಾಗದ ಪಕ್ಕಕ್ಕೆ ಸರಿಸಿದೆವು.

ಕಾಂಕ್ರೀಟು ಗಟ್ಟಿಯಾದ ಮೂರನೆಯ ವಾರ ಮಾಸ್ತರರು ಬಂದರು. ಹಾರ್ನ್ ಬಾರಿಸಲಿಲ್ಲ. ರ‍್ಯಾಂಪಿನ ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಂಡು ಒಳಗೆ ಬಂದು, ನಮ್ಮ ಹುಡುಗ ಕುರ್ಚಿ ತಂದರೂ ಕೂಡದೆ, ಕಪಾಟುಗಳ ಮುಂದೆ ಒಂದೊಂದಾಗಿ ನಿಂತು ನೋಡುತ್ತ ಹೋದರು. ಕೆಳಗಿನ ಸಾಲಿನಲ್ಲಿದ್ದ ದೊಡ್ಡ ಅಳತೆಯ ಗ್ರಾಫ್ ಪುಸ್ತಕಗಳನ್ನು ಊರುಗೋಲಿನಿಂದ ತೋರಿಸಿ ಕೇಳಿದರು: "ಇವು ಬರೂದ ಬಂದ್ ಆಗ್ಯಾವ ಅಂತ ಹೇಳ್ತಿದ್ದನಲ್ರಿ ನಿಮ್ಮ ಹುಡುಗ?" ಹುಡುಗ ಗೋದಾಮಿನಲ್ಲಿ ಏನೋ ಕೆಲಸವಿದೆಯೆಂದು ಹೊರಟುಹೋದ. ಅವರು ಆರು ಪುಸ್ತಕ ತೆಗೆದುಕೊಂಡರು.