ಹಕ್ಕಿಗಳಿಗೂ ಮಲೇರಿಯಾ

ಮಂಗಳೂರಿನಲ್ಲಿ ಮಳೆಗಾಲ ಅಂದರೆ ಮಲೇರಿಯಾ ಕಾಲವೂ ಹೌದು. ಕಳೆದ ಮಳೆಗಾಲದಲ್ಲಿ ಅದು ನನಗೂ ಬಂತು. ವೈವಾಕ್ಸ್ ಎಂಬ ಬಗೆಯದು. ನಡುಕ ನಿಂತಿತ್ತು, ಪ್ರೈಮಾಕ್ವಿನ್ ಮಾತ್ರೆ ಇನ್ನೂ ಮುಗಿದಿರಲಿಲ್ಲ. ಅಂಥ ಒಂದು ಬೆಳಿಗ್ಗೆ ಸೊಳ್ಳೆ ಮರಿ ಹುಡುಕುವ ಕೆಲಸದವರೊಬ್ಬರು ಮನೆಗೆ ಬಂದರು. ಟ್ಯಾಂಕ್, ಬಾವಿ, ಹೂಕುಂಡದ ತಟ್ಟೆ ಎಲ್ಲ ನೋಡಿದರು. ಬಾವಿಗೆ ಗಪ್ಪಿ ಮೀನು ಬಿಟ್ಟಿದ್ದೆವು, ಅಲ್ಲಿ ಏನೂ ಸಿಗಲಿಲ್ಲ. ಕೊನೆಗೆ ಹಿಂಬದಿಯ ಚರಂಡಿಯಿಂದ ಒಂದು ಸೌಟು ನೀರೆತ್ತಿ ತೋರಿಸಿದರು. ಮರಿಗಳು ಕಿಕ್ಕಿರಿದಿದ್ದವು.

"ನೋಡಿ ಮೇಡಂ, ತಲೆ ಕೆಳಗೆ ಮಾಡಿ ಓರೆಯಾಗಿ ನೇತಾಡ್ತವೆ ಅಲ್ವಾ? ಇದು ಕ್ಯೂಲೆಕ್ಸ್. ನಿಮಗೆ ಕಚ್ಚಿದ್ದು ಅನಾಫಿಲಿಸ್. ಅದರ ಮರಿ ನೀರಿನ ಮೇಲೆ ಅಡ್ಡ ಮಲಗ್ತದೆ. ಇದರಿಂದ ಮಲೇರಿಯಾ ಬರುವುದಿಲ್ಲ."

ಮನುಷ್ಯರಿಗೆ ಬರುವುದಿಲ್ಲ, ನಿಜ. ಹಕ್ಕಿಗಳಿಗೆ ಬರುತ್ತದೆ.

ಜ್ವರದಲ್ಲಿ ಮಲಗಿದ್ದಾಗ ನಾನು ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂದು ತೋರಿಸಿದ ವೈದ್ಯ ರೊನಾಲ್ಡ್ ರಾಸ್ ಬಗ್ಗೆ ಓದಿದ್ದೆ. ಮನುಷ್ಯರಿಗೆ ಮಲೇರಿಯಾ ತರುವ ಪರಾವಲಂಬಿ ಜೀವಿಯನ್ನು ಅವರು ಸೊಳ್ಳೆಯ ಹೊಟ್ಟೆಯಲ್ಲಿ ಕಂಡದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ. ಆದರೆ ಇಂಥ ಪರಾವಲಂಬಿ ಸೊಳ್ಳೆಯಿಂದ ಇನ್ನೊಂದು ಜೀವಕ್ಕೆ ದಾಟುವ ಪೂರ್ತಿ ದಾರಿ ಸಿಕ್ಕಿದ್ದು ಮರುವರ್ಷ ಕಲ್ಕತ್ತದಲ್ಲಿ, ಹಕ್ಕಿಗಳ ಮೇಲೆ ಪ್ರಯೋಗ ಮಾಡಿ. ಗುಬ್ಬಚ್ಚಿಗಳಿಗೆ ಕಚ್ಚಿದ್ದು ಇದೇ ಕ್ಯೂಲೆಕ್ಸ್ ಸೊಳ್ಳೆ. ಮನೆ ಮನೆಗೆ ಹೋಗಿ ಮರಿ ಹುಡುಕುವ ಈ ಕೆಲಸಕ್ಕೂ ಆ ಹಕ್ಕಿಗಳ ಋಣ ಇದೆ ಅಂತ ನನಗೆ ಅನಿಸುತ್ತದೆ.

ಇದನ್ನು ಹೇಳಿದಾಗ ಅವರು ಸೌಟು ಕೆಳಗಿಟ್ಟು ಜಗಲಿಯಲ್ಲಿ ಕೂತರು. "ಹಕ್ಕಿ ಸಾಯ್ತದಾ ಮೇಡಂ ಅದರಿಂದ?"

ಬೇಲಿಯ ದಾಸವಾಳದಲ್ಲಿ ಸೂರಕ್ಕಿಯೊಂದು ಜೇನು ಹೀರುತ್ತಿತ್ತು. ಅದನ್ನು ತೋರಿಸಿ ಹವಾಯಿ ದ್ವೀಪಗಳ ಕಥೆ ಹೇಳಿದೆ. ಅಲ್ಲಿಯೂ ಹೀಗೇ ಬಾಗಿದ ಕೊಕ್ಕಿನ, ಹನಿಕ್ರೀಪರ್ ಎಂಬ ಹಕ್ಕಿಗಳಿವೆ. ಸೂರಕ್ಕಿಯ ಸಂಬಂಧಿಗಳಲ್ಲ, ಆದರೂ ನೋಡಿದರೆ ಅದೇ ನೆನಪಾಗುತ್ತದೆ. ಆ ದ್ವೀಪಗಳಲ್ಲಿ ಮೊದಲು ಸೊಳ್ಳೆಯೇ ಇರಲಿಲ್ಲ. 1826ರ ಸುಮಾರಿಗೆ ಹಡಗಿನ ನೀರಿನ ಪೀಪಾಯಿಗಳಲ್ಲಿ ಈ ಕ್ಯೂಲೆಕ್ಸ್ ಹೋಗಿ ಸೇರಿತು. ಆಮೇಲೆ ಹೊರಗಿನಿಂದ ತಂದು ಬಿಟ್ಟ ಹಕ್ಕಿಗಳ ಜೊತೆ ಪರಾವಲಂಬಿಯೂ ಬಂತು. ಅಲ್ಲಿನ ಹಕ್ಕಿಗಳಿಗೆ ಈ ರೋಗದ ಪರಿಚಯವೇ ಇಲ್ಲ, ರಕ್ತದಲ್ಲಿ ತಡೆಯುವ ಶಕ್ತಿ ಎಲ್ಲಿಂದ ಬರಬೇಕು? 50ಕ್ಕೂ ಹೆಚ್ಚು ಬಗೆಯ ಹನಿಕ್ರೀಪರ್ ಹಕ್ಕಿಗಳಿದ್ದ ಕಡೆ ಈಗ 17 ಉಳಿದಿವೆ. ಕಾಡು ಕಡಿದದ್ದು, ಇಲಿ, ಬೆಕ್ಕು ಎಲ್ಲ ಸೇರಿ ಆದ ನಾಶ ಅದು. ಆದರೆ ಉಳಿದವನ್ನು ಈಗ ಜಾಸ್ತಿ ಕಾಡುತ್ತಿರುವುದು ಮಲೇರಿಯಾ. ಕೆಂಪು ಮೈಯ ಇಈವಿ ಹಕ್ಕಿಗೆ ರೋಗವಿರುವ ಸೊಳ್ಳೆ ಒಮ್ಮೆ ಕಚ್ಚಿದರೆ 100ರಲ್ಲಿ 90ಕ್ಕೂ ಹೆಚ್ಚು ಸಾಯುತ್ತವೆ.

ಉಳಿದವು ಬದುಕಿರುವುದು ಬೆಟ್ಟದ ತಲೆಯಲ್ಲಿ. ಅಲ್ಲಿನ ಚಳಿಗೆ ಸೊಳ್ಳೆಯೂ ಕಡಿಮೆ, ಅದರೊಳಗಿನ ಪರಾವಲಂಬಿಯೂ ಬೆಳೆಯುವುದಿಲ್ಲ. ಈಗ ಸೆಕೆ ಏರುತ್ತಿದೆ, ಸೊಳ್ಳೆಯೂ ಬೆಟ್ಟ ಹತ್ತುತ್ತಿದೆ. ಕವಾಯಿ ದ್ವೀಪದ ಬೆಟ್ಟವಂತೂ ಎತ್ತರ ಕಡಿಮೆ. ಅಲ್ಲಿನ ಅಕಿಕಿಕಿ ಎಂಬ ಪುಟ್ಟ ಹಕ್ಕಿ ಕಾಡಿನಿಂದ ಹೆಚ್ಚುಕಡಿಮೆ ಮಾಯವೇ ಆಗಿದೆ. ಇದು ನನ್ನನ್ನು ತುಂಬ ಕಾಡಿದ ಸಂಗತಿ. ನನಗೆ ಮಾತ್ರೆ ಇತ್ತು, ರಕ್ತ ಪರೀಕ್ಷೆ ಇತ್ತು, ಹಣೆಗೆ ಒದ್ದೆ ಬಟ್ಟೆ ಇಡಲು ಅಮ್ಮ ಇದ್ದರು. ಮರದ ಮೇಲಿನ ಹಕ್ಕಿಗೆ ಏನಿದೆ?

"ನಮ್ಮ ಹಕ್ಕಿಗಳಿಗೆ ಇಲ್ವಾ ಹಾಗಾದ್ರೆ?" ಅಂತ ಕೇಳಿದರು. ಇದೆ. ಪಶ್ಚಿಮ ಘಟ್ಟದ ಹಕ್ಕಿಗಳ ರಕ್ತದಲ್ಲೂ ಇಂಥ ಪರಾವಲಂಬಿಗಳು ಸಿಕ್ಕಿವೆ. ಆದರೆ ಇಲ್ಲಿ ಸೊಳ್ಳೆ, ಹಕ್ಕಿ, ರೋಗ ಮೂರೂ ಎಷ್ಟೋ ಕಾಲದಿಂದ ಒಟ್ಟಿಗೇ ಇವೆ. ಹೊಸ ರೋಗ ಬಂದರೆ ಮಾತ್ರ ಕಷ್ಟ. 1999ರಲ್ಲಿ ವೆಸ್ಟ್ ನೈಲ್ ವೈರಸ್ ನ್ಯೂಯಾರ್ಕಿಗೆ ಕಾಲಿಟ್ಟಾಗ ಕಾಗೆಗಳು ರಾಶಿ ರಾಶಿ ಸತ್ತವು. ಅದನ್ನು ಹರಡಿದ್ದೂ ಕ್ಯೂಲೆಕ್ಸ್ ಜಾತಿಯ ಸೊಳ್ಳೆಗಳೇ.

ಹವಾಯಿಯಲ್ಲಿ ಈಗೇನು ಮಾಡುತ್ತಾರೆ ಎಂಬುದು ಅವರಿಗೆ ಎಲ್ಲಕ್ಕಿಂತ ಹಿಡಿಸಿತು. ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಇರುವ ಗಂಡು ಸೊಳ್ಳೆಗಳನ್ನು ಸಾಕಿ, 2023ರಿಂದ ಮಾವಿ ದ್ವೀಪದ ಕಾಡುಗಳಲ್ಲಿ ಹೆಲಿಕಾಪ್ಟರಿನಿಂದ ಬಿಡುತ್ತಿದ್ದಾರೆ. ಗಂಡು ಕಚ್ಚುವುದಿಲ್ಲ. ಅದರ ಜೊತೆ ಕೂಡಿದ ಅಲ್ಲಿನ ಹೆಣ್ಣಿನ ಮೊಟ್ಟೆ ಒಡೆಯುವುದಿಲ್ಲ.

"ಸೊಳ್ಳೆ ಕಡಿಮೆ ಮಾಡ್ಲಿಕ್ಕೆ ಸೊಳ್ಳೆಯನ್ನೇ ಬಿಡುವುದಾ! ಒಮ್ಮೆ ಬಿಟ್ರೆ ಸಾಕಾ ಮೇಡಂ?"

"ಸಾಲದು. ವಾರ ವಾರ ಬಿಡ್ಬೇಕು, ಅದೂ ಲಕ್ಷಗಟ್ಟಲೆ."

"ಹಾಗಾದ್ರೆ ನಮ್ಮ ಹಾಗೇ," ಅಂದರು. "ಒಂದು ವಾರ ತಪ್ಪಿದ್ರೆ ಮತ್ತೆ ಮೊದಲಿಂದ."