ಗಿಡ ಹಚ್ಚೋದು ಆಮ್ಯಾಲೆ

ಅಕ್ಕನ ಮಗಳು ಇವತ್ತು ಕುಮಟಾದಿಂದ ವಿಡಿಯೋ ಕಾಲ್ ಮಾಡಿದ್ಲು. ಅಘನಾಶಿನಿ ಅಳಿವೆ, ಮೊಣಕಾಲ ತನಕ ಕೆಸರು, ಕೈಯಾಗ ಅಳತೆ ಕೋಲು. ನಾನಿಲ್ಲಿ ಯಾದಗಿರಿಯೊಳಗ ಫ್ಯಾನ್ ಕೆಳಗ ಕುಂತೂ ಬೆವರ್ಲತ್ತಿದ್ದೆ.

"ಕಾಂಡ್ಲಾ ಗಿಡ ಹಚ್ಲತ್ತೀ ಏನವಾ?" ಅಂದೆ. ಕಾಂಡ್ಲಾ ಅಂದ್ರ ಅಳಿವೆಯ ಉಪ್ಪು ಕೆಸರಿನ್ಯಾಗ ಬೆಳೆಯೋ ಮ್ಯಾಂಗ್ರೋವ್.

"ಇಲ್ಲ ಮಾಮಾ, ಹಚ್ಚೋದು ಆಮ್ಯಾಲೆ. ಮೊದಲು ಉಬ್ಬರದ ನೀರು ಎಲ್ಲಿ ತನಕ ಬರ್ತದ, ಎಷ್ಟೊತ್ತು ನಿಲ್ತದ ನೋಡ್ಬೇಕು."

ನೂರಕ್ಕ ಸುಮಾರು 30 ಪಾಲು ಹೊತ್ತಿಗಿಂತ ಹೆಚ್ಚು ಮುಳುಗಿದ್ರ ಗಿಡ ತಾಳೂದಿಲ್ಲಂತ. ತಗ್ಗಿನ ಕೆಸರಿನ್ಯಾಗ ಸಾಲಾಗಿ ಹಚ್ಚಿದ್ದು ಫೋಟೋಕ್ಕಷ್ಟೇ ಚಂದ. ನೀರು ಬಂದು ಹೋಗೋ ದಾರಿ ಬಿಡಿಸಿದ್ರ ಎಷ್ಟೋ ಕಡೆ ಬೀಜ ತಾವೇ ತೇಲಿ ಬಂದು ಬೇರು ಬಿಡ್ತಾವ. ಒಂದು ತೋರಿಸಿದ್ಲು. ನುಗ್ಗೆಕಾಯಿ ಹಂಗ ಉದ್ದ, ಹಸರು, ತುದಿ ಚೂಪು, ಮ್ಯಾಲೊಂದು ಕಂದು ಟೊಪ್ಪಿಗಿ. ಗಿಡದ ಮ್ಯಾಲಿದ್ದಾಗೇ ಮೊಳಕಿ ಒಡದದ್ದು!

"ನಮ್ಮ ಕೃಷ್ಣಾ ಸಮುದ್ರ ಸೇರೋ ಕಡೀನೂ ಕಾಂಡ್ಲಾ ಕಾಡು ಅದ ಮಾಮಾ. ಅಲ್ಲಿಗೆ ಹೋಗಬೇಕಾದ ಹೂಳು ಬಾಳಷ್ಟು ಡ್ಯಾಮಿನ್ಯಾಗೇ ನಿಲ್ತದ."

ಇಲ್ಲಿ ಕೃಷ್ಣಾಕ್ಕ ಕಟ್ಟಿದ ನಾರಾಯಣಪುರ ಡ್ಯಾಮಿನ ಗೇಟ್ ತೆಗದಾಗ ಸೆಲ್ಫಿಗಂತ ಓಡ್ತೀವಿ, ಹೂಳಿನ ಮಾತು ಯಾರೂ ಎತ್ತಲ್ಲ ಬಿಡ್ರಿ.

ಆ ಡ್ಯಾಮಿನ ಹೂಳಿನ ಲೆಕ್ಕ ಬಲ್ಲವರು ಯಾರರೆ ಇದ್ರ ತಿಳಸ್ರಿ. ಆಕಿಗೆ ಬೇಕಂತ.