‘ಯಾರು’ ಎಂದು ಅಮ್ಮ ಕೇಳಿದಳು

ಸೋಮವಾರ ರಾತ್ರಿ ಒಂಬತ್ತೂವರೆಯ ಸುಮಾರಿಗೆ ನನ್ನ ಲ್ಯಾಪ್‌ಟಾಪಿನ ಕಪ್ಪು ಪರದೆಯ ಮೇಲೆ ಮೂಡಿದ ಒಂದೇ ಒಂದು ಪದ ಈ ವಾರವಿಡೀ ನನ್ನನ್ನು ಬಿಟ್ಟಿಲ್ಲ. ಕಳಿಸಿದವಳು ಅಮ್ಮ. ಪದ, ‘ಯಾರು’. ಮುಂದೆ ಪ್ರಶ್ನೆಯ ಗುರುತೂ ಇರಲಿಲ್ಲ.

ಅಂದು ಸಂಜೆ ಆಫೀಸಿನಿಂದ ಬರುವಾಗ ಹಿಡಿದ ಮಳೆಗೆ ನನ್ನ ಫೋನ್ ಪೂರ್ತಿ ತೊಯ್ದು ಕೆಟ್ಟಿತ್ತು. ರಿಪೇರಿ ಅಂಗಡಿಯವರು ಗುರುವಾರ ಬನ್ನಿ ಎಂದರು. ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯಲ್ಲಿ ಅಮ್ಮ ಒಬ್ಬಳೇ ಇದ್ದಾಳೆ. ರಾತ್ರಿ ನನ್ನ ಕರೆ ಬಾರದಿದ್ದರೆ ಅವಳು ಮಲಗುವುದಿಲ್ಲ. ಗೆಳತಿಯ ಫೋನಿನಿಂದ ಮಾಡೋಣವೆಂದರೆ ಗುರುತಿಲ್ಲದ ನಂಬರಿನ ಕರೆಯನ್ನು ಅವಳು ತೆಗೆಯುವುದಿಲ್ಲ. ಬ್ಯಾಂಕಿನ ಹೆಸರಿನಲ್ಲಿ ಬರುವ ಮೋಸದ ಕರೆಗಳ ವಿಷಯ ಹೇಳಿ, ಆ ಎಚ್ಚರವನ್ನು ಕಲಿಸಿದವಳು ನಾನೇ. ಅಣ್ಣ ಎರಡು ವರ್ಷದ ಹಿಂದೆ ತಂದುಕೊಟ್ಟ ಸ್ಮಾರ್ಟ್‌ಫೋನು ಗೋದ್ರೆಜ್ ಬೀರುವಿನಲ್ಲಿದೆ. ಅಣ್ಣನ ಪ್ರೀತಿಯ ಬಗ್ಗೆ ನನಗೆ ಎರಡು ಮಾತಿಲ್ಲ, ಆದರೆ ಡೇಟಾ ಸಿಗದ ಮನೆಗೆ ಅದನ್ನು ತರುವ ಮುನ್ನ ಅವನು ಅಮ್ಮನನ್ನು ಒಂದು ಮಾತು ಕೇಳಬೇಕಿತ್ತು. ಅವಳ ಕೈಯಲ್ಲಿರುವುದು ಗುಂಡಿಗಳ ಫೋನ್. ಕೊಟ್ಟಿಗೆಯ ಮೂಲೆಯಲ್ಲಿ ನಿಂತರೆ ಒಂದು ಕಡ್ಡಿ ಸಿಗ್ನಲ್ ಬರುತ್ತದೆ.

ಅಂಗಡಿಯಾತ ಸಿಮ್ಮನ್ನು ಒರೆಸಿ ಕೈಗಿಡುತ್ತಾ, “ಈಗ ಎಸ್ಸೆಮ್ಮೆಸ್ ಯಾರು ನೋಡ್ತಾರೆ ಮೇಡಂ, ಓಟಿಪಿಗೆ ಬಿಟ್ಟರೆ” ಎಂದಿದ್ದರು. ನಾನು ಕಳಿಸಬೇಕಾಗಿದ್ದುದು ಯಾರಿಗೆ ಎಂದು ಅವರು ಕೇಳಿರಲಿಲ್ಲ. ನಗರದಲ್ಲಿ ಕುಳಿತವರಿಗೆ ಸತ್ತಂತೆ ಕಾಣುವ ಎಷ್ಟೋ ವಸ್ತುಗಳು ಬೇರೆಡೆ ಇನ್ನೂ ಅನ್ನ ನೀರಿನಷ್ಟು ಬೇಕಾದವು. ಇಂಟರ್ನೆಟ್ ತೆರೆದುಕೊಳ್ಳದ ಕ್ಷೀಣ ಸಿಗ್ನಲ್ಲಿನಲ್ಲೂ ಎಸ್ಸೆಮ್ಮೆಸ್ ನುಸುಳುತ್ತದೆ, ಏಕೆಂದರೆ ಫೋನೂ ಟವರೂ ತಮ್ಮೊಳಗೆ ಸಂಕೇತಗಳನ್ನು ಕೊಟ್ಟು ತೆಗೆದುಕೊಳ್ಳುವ ದಾರಿಯಲ್ಲೇ ಅದೂ ಸಾಗುತ್ತದೆ. ಆ ಕಡೆಯ ಫೋನ್ ಆರಿದ್ದರೆ ಸಂದೇಶವು ಮೊಬೈಲ್ ಕಂಪನಿಯ ಕೇಂದ್ರದಲ್ಲಿ ಕಾದಿದ್ದು, ಫೋನ್ ಎಚ್ಚರವಾದಾಗ ತಲುಪುತ್ತದೆ.

ನನ್ನ ಹಳೆಯ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪಿನ ಹಿಂಬದಿಯಲ್ಲಿ ಸಿಮ್ ಇಡುವ ಪುಟ್ಟ ತಟ್ಟೆಯಿದೆ. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಈ ತಟ್ಟೆ ಇದ್ದರೂ ಒಳಗೆ ಮೊಬೈಲ್ ಜಾಲಕ್ಕೆ ಜೋಡಿಸುವ ಮೋಡೆಮ್ ಕಾರ್ಡ್ ಇರುವುದಿಲ್ಲ, ನನ್ನದರಲ್ಲಿ ಇದೆ. ಇಂತಹ ಕಾರ್ಡುಗಳು ಸಾಮಾನ್ಯವಾಗಿ ಡೇಟಾಕ್ಕೆಂದೇ ಬರುವುದರಿಂದ ಅದರಲ್ಲಿ ಮಾತನಾಡುವಂತಿರಲಿಲ್ಲ, ಆದರೆ ಸಂದೇಶ ಕಳಿಸಬಹುದಿತ್ತು. ಲ್ಯಾಪ್‌ಟಾಪನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯಲ್ಲಿ ಮೋಡೆಮ್‌ಮ್ಯಾನೇಜರ್ ಎಂಬ ತಂತ್ರಾಂಶವು ಆ ಕೆಲಸವನ್ನು ಎರಡು ಹಂತದಲ್ಲಿ ಮಾಡುತ್ತದೆ: ಒಂದು ಆದೇಶ ಕೊಟ್ಟರೆ ಸಂದೇಶ ಸಿದ್ಧವಾಗಿ ಅದಕ್ಕೊಂದು ಸಂಖ್ಯೆ ಬೀಳುತ್ತದೆ, ಇನ್ನೊಂದು ಆದೇಶ ಕೊಟ್ಟರೆ ಆ ಸಂಖ್ಯೆಯ ಸಂದೇಶ ಹೊರಡುತ್ತದೆ. ಜಗತ್ತಿನ ಮೊದಲ ಎಸ್ಸೆಮ್ಮೆಸ್ ಹೊರಟದ್ದೂ ಕಂಪ್ಯೂಟರಿನಿಂದಲೇ. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ 22ರ ಹರೆಯದ ಎಂಜಿನಿಯರು ಕೀಲಿಮಣೆಯ ಮುಂದೆ ಕುಳಿತು ‘ಮೆರ್ರಿ ಕ್ರಿಸ್‌ಮಸ್’ ಎಂದು ಕಳಿಸಿದ್ದ; ಅದನ್ನು ಪಡೆದ ಫೋನಿನಿಂದ ಮರಳಿ ಉತ್ತರ ಬರೆಯುವಂತಿರಲಿಲ್ಲ.

ಕೈ ತುಂಬುವ ಕೀಲಿಮಣೆ ಎದುರಿಗಿತ್ತು, ದಿನವಿಡೀ ಕನ್ನಡ ಬರೆಯುವ ಬೆರಳುಗಳಿದ್ದವು. ಯೋಚಿಸದೆ ಹೀಗೆ ಬರೆದೆ: “ಅಮ್ಮಾ, ನನ್ನ ಫೋನ್ ಮಳೆಯಲ್ಲಿ ನೆನೆದು ಕೆಟ್ಟಿದೆ. ನಾನು ಆರೋಗ್ಯವಾಗಿದ್ದೇನೆ. ಗುರುವಾರದವರೆಗೆ ಕರೆ ಮಾಡಲು ಆಗುವುದಿಲ್ಲ, ಸಂದೇಶ ಕಳಿಸುತ್ತಿರುತ್ತೇನೆ.”

ಇಂಗ್ಲಿಷ್ ಅಕ್ಷರಗಳಾದರೆ ಒಂದು ಎಸ್ಸೆಮ್ಮೆಸ್ಸಿನಲ್ಲಿ 160 ಹಿಡಿಯುತ್ತವೆ, ಕನ್ನಡವಾದರೆ 70. ಅದರಲ್ಲೂ ಒತ್ತು, ಕೊಂಬು, ದೀರ್ಘ ಎಲ್ಲವೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ; ‘ಸ್ತ್ರೀ’ ಎಂಬ ಒಂದು ಅಕ್ಷರ ಆರು ಜಾಗ ತಿನ್ನುತ್ತದೆ. ಸಂದೇಶ ಉದ್ದವಾಗಿ ತುಂಡಾದರೆ, ತುಂಡುಗಳನ್ನು ಮರಳಿ ಜೋಡಿಸುವ ಗುರುತಿಗೂ ಜಾಗ ಹೋಗಿ ತುಂಡೊಂದಕ್ಕೆ 67 ಮಾತ್ರ ಉಳಿಯುತ್ತವೆ. ನಾನು ಬರೆದದ್ದು 126. ಎಣಿಸಿ ನೋಡಿದರೆ ಮೊದಲ ತುಂಡು ‘ಗುರುವಾರ’ದ ಗಕಾರಕ್ಕೆ ಮುಗಿದು, ಅದರ ಕೊಂಬು ಎರಡನೆಯ ತುಂಡಿನ ತಲೆಗೆ ಹೋಗಿತ್ತು. ಮೊಬೈಲ್ ಜಾಲಗಳ ಜಾಗತಿಕ ಮಾನಕದಲ್ಲಿ ಕನ್ನಡಕ್ಕೆಂದೇ ಇಕ್ಕಟ್ಟಾಗಿ ಜೋಡಿಸಿದ ಅಕ್ಷರಪಟ್ಟಿಯೊಂದು ಇದೆ, ಬಳಸಿದರೆ ಈ ದುಂದು ತಪ್ಪುತ್ತದೆ. ನನ್ನ ಸಂದೇಶ ಅದನ್ನು ಬಳಸದೆಯೇ ಹೋಯಿತು. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಕಳಿಸಿದ ಮೇಲೆ ಉತ್ತರ ಬಂತೇ ಎಂದು ಪದೇ ಪದೇ ಆದೇಶ ಕೊಟ್ಟು ಪಟ್ಟಿ ನೋಡುತ್ತಾ ಕುಳಿತೆ. ಹತ್ತು ನಿಮಿಷದ ನಂತರ ಪಟ್ಟಿಗೆ ಹೊಸ ಸಾಲೊಂದು ಸೇರಿತು. ತೆರೆದರೆ, ‘ಯಾರು’.

ಸಿಮ್ ನನ್ನದೇ, ನಂಬರು ನನ್ನದೇ, ಅವಳ ಫೋನಿನಲ್ಲಿ ನನ್ನ ಹೆಸರೇ ಕಂಡಿರಬೇಕು. ಆದರೂ ಕೇಳಿದ್ದಳು. “ಅಮ್ಮಾ, ನಾನೇ, ಲ್ಯಾಪ್‌ಟಾಪಿನಿಂದ ಬರೆಯುತ್ತಿದ್ದೇನೆ” ಎಂದು ಮತ್ತೆ ಕಳಿಸಿದೆ. ಕಾಲು ಗಂಟೆ ಕಳೆದರೂ ಉತ್ತರ ಬರಲಿಲ್ಲ. ಕತ್ತಲಲ್ಲಿ, ಮಳೆಯಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನಿಂತ ಅವಳ ಚಿತ್ರ ಕಣ್ಣ ಮುಂದೆ ಬಂತು. ಆಗ ನನಗೆ ಹೊಳೆದದ್ದು ಒಂದೇ ದಾರಿ. ಇಷ್ಟು ವರ್ಷ ಅವಳಿಗೆ ಕಳಿಸುತ್ತಿದ್ದ ರೀತಿಯಲ್ಲೇ, ಇಂಗ್ಲಿಷ್ ಅಕ್ಷರಗಳಲ್ಲಿ, ಅರ್ಧ ಸ್ವರಗಳನ್ನು ನುಂಗಿ, ‘ಅಮ್ಮ ನಾನೆ, ಊಟ ಆಯ್ತಾ’ ಎಂದು ಕುಟ್ಟಿದೆ. ಎರಡೇ ನಿಮಿಷದಲ್ಲಿ ಉತ್ತರ ಬಂತು: “ಆಯ್ತು. ನಿಂದು”.

ಗುರುವಾರ ಫೋನ್ ಕೈಗೆ ಬಂದ ಕೂಡಲೇ ಕರೆ ಮಾಡಿ ಕೇಳಿದೆ. ಅಮ್ಮ ಹೇಳಿದಳು: “ಹೆಸರು ನಿಂದೇ ಕಾಣಿಸ್ತು. ಮಾತು ನಿಂದಲ್ಲ ಅನ್ನಿಸ್ತು.”

ಅವಳದು ತಪ್ಪಲ್ಲ. ಹಾಸ್ಟೆಲಿನಲ್ಲಿದ್ದಾಗ ನನ್ನ ಮೊದಲ ಫೋನಿನಲ್ಲಿ ಕನ್ನಡ ಬರೆಯುವಂತಿರಲಿಲ್ಲ. ಅಂದು ಅನಿವಾರ್ಯವಾಗಿದ್ದ ಇಂಗ್ಲಿಷ್ ಅಕ್ಷರಗಳ ಅಭ್ಯಾಸವನ್ನು, ಅನಿವಾರ್ಯ ಕಳೆದು ಎಷ್ಟೋ ವರ್ಷವಾದರೂ ನಾನು ಬಿಟ್ಟಿರಲಿಲ್ಲ. ಏಳನೆಯ ತರಗತಿಯವರೆಗೆ ಓದಿ, ವಾರಪತ್ರಿಕೆಯ ಧಾರಾವಾಹಿಗಳನ್ನು ಒಂದೂ ಬಿಡದೆ ಓದುವ ಅಮ್ಮ, ಮಗಳ ಎರಡು ಸಾಲಿಗಾಗಿ ಆ ಅಕ್ಷರಗಳನ್ನು ಕೂಡಿಸಿ ಓದುವುದನ್ನು ಕಲಿತಳು. ಅದಕ್ಕೂ ಮುಂಚೆ ಅವಳೇ ನನಗೆ ಇನ್‌ಲ್ಯಾಂಡ್ ಕಾಗದದ ಮಡಿಕೆಯ ಅಂಚಿನವರೆಗೂ ತುಂಬಿಸಿ ಬರೆಯುತ್ತಿದ್ದಳು. ನಾನು ಉತ್ತರ ಬರೆದದ್ದು ನಾಲ್ಕೋ ಐದೋ ಸಲ. ಮೊಬೈಲುಗಳಿಗಾಗಿ 2016ರಲ್ಲಿ ಬಂದ ಭಾರತೀಯ ಮಾನಕವು ದೇಶದ ಎಲ್ಲ 22 ಅಧಿಕೃತ ಭಾಷೆಗಳ ಸಂದೇಶ ಓದಲು ಬರುವಂತಿರಬೇಕು ಎನ್ನುತ್ತದೆ. ಅವಳ ಅಗ್ಗದ ಫೋನ್ ಕನ್ನಡವನ್ನು ಒಂದು ಒತ್ತೂ ಒಡೆಯದಂತೆ ತೋರಿಸಲು ಸಿದ್ಧವಾಗಿತ್ತು. ಸಿದ್ಧವಿಲ್ಲದಿದ್ದವಳು ನಾನು. ದಿನಕ್ಕೆ ಹತ್ತಾರು ಪುಟ ಕನ್ನಡವನ್ನು ಕೆಲಸಕ್ಕಾಗಿ, ಅಪರಿಚಿತ ಓದುಗರಿಗಾಗಿ ತಿದ್ದುವ ನಾನು, ಆ ಭಾಷೆಯನ್ನು ಕಲಿಸಿದವಳಿಗೆ ಫೋನಿನಲ್ಲಿ ಅದರ ಲಿಪಿಯಲ್ಲಿ ಒಂದು ಪೂರ್ಣ ವಾಕ್ಯವನ್ನೂ ಬರೆದಿರಲಿಲ್ಲ. ನಾನೇ ಎಂದು ಅವಳನ್ನು ನಂಬಿಸಲು ಕನ್ನಡದ ಲಿಪಿಯನ್ನು ಬಿಡಬೇಕಾಗಿ ಬಂದ ಆ ಎರಡು ನಿಮಿಷವನ್ನು ನೆನೆದಾಗಲೆಲ್ಲ ಎದೆ ಹಿಂಡುತ್ತದೆ.

ಫೋನ್ ಸರಿಯಾದರೂ ಶುಕ್ರವಾರ ರಾತ್ರಿ ಸಿಮ್ಮನ್ನು ಮತ್ತೆ ಲ್ಯಾಪ್‌ಟಾಪಿಗೇ ಹಾಕಿದೆ. ಈ ಸಲ ಮೊದಲೇ ಕರೆ ಮಾಡಿ, “ಕನ್ನಡದಲ್ಲಿ ಬರುತ್ತೆ, ನಾನೇ ಬರೆಯೋದು” ಎಂದು ಹೇಳಿದ್ದೆ. ಕಚೇರಿಯ ಕಿಟಕಿಯಾಚೆಯ ಹೊಂಗೆಯ ಮರ ಮಳೆಗೆ ಬಿದ್ದದ್ದನ್ನು, ಗೆಳತಿಯ ಮದುವೆ ನಿಶ್ಚಯವಾದದ್ದನ್ನು ನಾಲ್ಕು ತುಂಡುಗಳಷ್ಟು ಬರೆದೆ. ಉತ್ತರ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಗುಂಡಿಯೊಂದನ್ನು ಮೂರು ನಾಲ್ಕು ಸಲ ಒತ್ತಿ ಒಂದೊಂದೇ ಅಕ್ಷರ ಹುಡುಕಿ ಅವಳು ಬರೆದದ್ದು ಹೀಗಿತ್ತು: “ಇಲ್ಲೂ ಮಳೆ ಬಿಟ್ಟಿಲ್ಲ. ಅಡಿಕೆಗೆ ಎರಡನೇ ಸಲ ಮದ್ದು ಹೊಡೆಯೋದು ಬಾಕಿ, ಕೊಳೆರೋಗ ಬಂದೀತು ಅಂತ ಹೆದರಿಕೆ. ಯಾವ ಮರ ಬಿದ್ದದ್ದು, ನಾನು ಬಂದಾಗ ಅದರ ಕೆಳಗೆ ಕೂತಿದ್ದೆವಲ್ಲ ಅದಾ”.

ಅದೇ ಮರ. ಹೌದು ಎಂದು ಬರೆದು ಕಳಿಸಿದೆ.